ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ ಮನವಿ ಹಿಡಿದು ಹೊರಟಾಗ

ನನ್ನ ತಮ್ಮನಿಗೆ ಈಗ 34 ವರ್ಷ. ನಡೆಯಲು ಆಗುವುದಿಲ್ಲ, ಮಾತು ಬರುವುದಿಲ್ಲ. ಕೈಲಾಗುವಷ್ಟು ದಿನ ಅಮ್ಮನೇ ನೋಡಿಕೊಂಡರು. ಆಮೇಲೆ ಬದಿಯಡ್ಕದ ಅಂಗಡಿ ಕೆಲಸ ಬಿಟ್ಟು ನಾನು ಮನೆಯಲ್ಲಿ ನಿಂತೆ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ರಸ್ತೆಯಿಂದ ಕೆಳಗೆ ಇಳಿದರೆ ನಮ್ಮ ಮನೆ.

ನಮ್ಮ ಕಡೆ ಇಂಥ ಮನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ಎಂಡೋಸಲ್ಫಾನಾ?" ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲಿಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಆ ಕೀಟನಾಶಕ ವಿಷ ಸುರಿದಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. 2019ರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಕೂತರು. ಅವರು ಕೂತಿದ್ದರಿಂದಲೇ ನಮಗೂ ಧೈರ್ಯ ಬಂತು. ಆದರೆ ನನ್ನ ತಮ್ಮನ ಹೆಸರು ಸರಕಾರದ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿಲ್ಲ. ಪಕ್ಕದ ಮನೆಯ ಅಕ್ಕನ ಮಗಳ ಹೆಸರು ಇದೆ. ನಾವಿಬ್ಬರೂ ರಾತ್ರಿ ಏಳುವುದು ಮಾತ್ರ ಅಷ್ಟೇ ಸಲ.

ಶುರುವಾದದ್ದು ಅಲ್ಲಿಂದ. ರೋಗಿಗೆ ಪಟ್ಟಿ ಇದೆ, ಪಿಂಚಣಿ ಇದೆ. ನೋಡಿಕೊಳ್ಳುವವಳು ಯಾವ ಪಟ್ಟಿಯಲ್ಲಿದ್ದಾಳೆ? ಅದನ್ನೇ ಕೇಳಿ ಇಂಥ ಕೆಲವು ಮನೆಯವರು ಸೇರಿ ಸರಕಾರಕ್ಕೆ ಮನವಿ ಬರೆಯಲು ಹೊರಟೆವು.

ವಿಚಾರಿಸಿದಾಗ ಕೇರಳದಲ್ಲಿ 'ಆಶ್ವಾಸಕಿರಣಂ' ಅಂತ ಒಂದು ಯೋಜನೆ ಇರುವುದು ತಿಳಿಯಿತು. ಹಾಸಿಗೆ ಹಿಡಿದವರನ್ನು ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ ನಾವು ಮನವಿ ಬರೆಯುವಾಗ ತಿಂಗಳಿಗೆ 600 ರೂಪಾಯಿ ಇತ್ತು. ಎಂಡೋಸಲ್ಫಾನ್ ಪಟ್ಟಿಯವರ ಮನೆಯಾದರೆ 700. ಅರ್ಜಿ ಹಾಕಲು ಡಾಕ್ಟರ ಸರ್ಟಿಫಿಕೇಟ್ ಬೇಕು, ಅಂಗನವಾಡಿ ಟೀಚರ ಮೂಲಕ ಹೋಗಬಹುದು. ಇಷ್ಟು ಸುಲಭವಿದ್ದೂ ನಮ್ಮ ವಾರ್ಡಿನಲ್ಲಿ ಹೆಚ್ಚಿನವರು ಅರ್ಜಿಯನ್ನೇ ಹಾಕಿರಲಿಲ್ಲ. ಯಾಕೆ ಅಂತ ಮನೆ ಮನೆಗೆ ಹೋಗಿ ಕೇಳಿದೆ. ಒಬ್ಬ ದೊಡ್ಡಮ್ಮ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅದು ಪರಿಚಾರಕರಿಗೆ ಅಂತಲ್ವಾ ಮಗಾ? ನಾನು ಕೆಲಸದವಳಲ್ಲ. ಅವನ ತಾಯಿ."

ಮಲಯಾಳದ ಸರಕಾರಿ ಭಾಷೆಯಲ್ಲಿ 'ಪರಿಚಾರಕ' ಅಂದರೆ ಆರೈಕೆ ಮಾಡುವವರು ಅಷ್ಟೇ. ಅದೇ ಪದ ಕನ್ನಡಕ್ಕೆ ಬಂದರೆ ನಮಗೆ ಆಳು ಅಂತ ಕೇಳಿಸುತ್ತದೆ. ಒಂದು ಪದದಿಂದ ಎಷ್ಟೋ ಮನೆಯವರು ಹೊರಗೆ ಉಳಿದಿದ್ದರು. ಅಂದಿನಿಂದ ನಾವು ಎಲ್ಲ ಕಡೆ 'ಮನೆಯಲ್ಲಿ ನೋಡಿಕೊಳ್ಳುವವರು' ಅಂತಲೇ ಬರೆದೆವು. ಉದ್ದವಾಯಿತು, ಆದರೆ ಎಲ್ಲರಿಗೂ ತಮ್ಮದು ಅನಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಹೇಳುವುದು ಅದನ್ನೇ: ಸಂಬಳ ಇರಲಿ ಇಲ್ಲದಿರಲಿ, ತಂದೆ ತಾಯಿ, ಮನೆಯವರು ಎಲ್ಲರೂ ಆರೈಕೆ ಮಾಡುವವರೇ. ಅದರ 24ನೇ ಸೆಕ್ಷನ್ನಿನಲ್ಲಿ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆ ಅಂತ ಸ್ಪಷ್ಟವಾಗಿ ಇದೆ. ಆ ಪುಟವನ್ನು ಜೆರಾಕ್ಸ್ ಮಾಡಿಸಿ ಎಲ್ಲ ಕಡೆ ಜೊತೆಯಲ್ಲಿ ಇಟ್ಟುಕೊಂಡಿದ್ದೆ. ಬಾಯಿಮಾತಿಗಿಂತ ಆ ಪುಟ ಜಾಸ್ತಿ ಕೆಲಸ ಮಾಡಿತು.

ಮೊದಲ ಮನವಿ ವಾಪಸ್ ಬಂತು. ಒಂದು ಕಚೇರಿಯಲ್ಲಿ ನೋಡಿದವರು, "ಕನ್ನಡದಲ್ಲಿದೆಯಲ್ಲಾ, ಮಲಯಾಳದಲ್ಲಿ ತನ್ನಿ" ಅಂದರು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗಿದೆ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆದರೆ ಫೈಲು ಕೊನೆಗೆ ಹೋಗುವುದು ತಿರುವನಂತಪುರಕ್ಕೆ, ಅಲ್ಲಿ ಯಾರೋ ಅವಸರದಲ್ಲಿ ಅನುವಾದ ಮಾಡಿದರೆ ನಮ್ಮ ಮಾತು ಏನಾಗುತ್ತದೋ ಅಂತ ಹೆದರಿಕೆಯೂ ಇತ್ತು. ಹಾಗಾಗಿ ಕನ್ನಡದ ಮನವಿಯನ್ನೇ ಕೊಟ್ಟು, ಮಲಯಾಳ ಬಲ್ಲ ಟೀಚರೊಬ್ಬರಿಂದ ನಾವೇ ಅನುವಾದ ಮಾಡಿಸಿ ಹಿಂದೆ ಲಗತ್ತಿಸಿದೆವು. ಸ್ವೀಕೃತಿ ರಸೀದಿ ಸಿಗುವವರೆಗೆ ಅಲ್ಲಿಂದ ಏಳಲಿಲ್ಲ. ಗಡಿನಾಡಿನಲ್ಲಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಇದನ್ನೇ: ಅನುವಾದವನ್ನು ಬೇರೆಯವರ ಕೈಗೆ ಬಿಡಬೇಡಿ.

ಮನವಿಯ ಒಳಗೆ ಏನಿರಬೇಕು? ಸುಮ್ನೆ ಕಷ್ಟ ಬರೆದರೆ ಓದುವವರು "ಪಾಪ" ಅಂತ ಬದಿಗಿಡುತ್ತಾರೆ. ನಾವು ಹನ್ನೊಂದು ಮನೆಯವರಿಗೆ ಒಂದೊಂದು ನೋಟ್‌ಬುಕ್ ಕೊಟ್ಟೆವು. ಒಂದು ವಾರ, ಏನು ಮಾಡಿದಿರೋ ಅದನ್ನು ಮಾಡಿದ ಗಂಟೆಗೇ ಬರೆಯಿರಿ ಅಂದೆವು. ಬರೆಯಲು ಬಾರದವರ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಬರೆದರು. ಪಕ್ಕದ ಮನೆ ಅಕ್ಕನ ಪುಸ್ತಕದ ಒಂದು ಪುಟ ಹೀಗಿತ್ತು:

"ರಾತ್ರಿ 12.10 ಮಗ್ಗುಲು ಬದಲಿಸಿದೆ. 2.15 ಮಗ್ಗುಲು ಬದಲಿಸಿದೆ, ಬಟ್ಟೆ ಒದ್ದೆ, ತೆಗೆದೆ. 4.20 ಮಗ್ಗುಲು. 5.00 ಒಲೆ ಹೊತ್ತಿಸಿದೆ. 6.30 ಗಂಜಿ, ಮುಕ್ಕಾಲು ಗಂಟೆ ಹಿಡಿಯಿತು. 8.00 ಬೆನ್ನಿನ ಹುಣ್ಣು ತೊಳೆದೆ. 8.30 ಬೀಡಿ ಕಟ್ಟಲು ಕೂತೆ. 8.50 ಅವಳು ಕೂಗಿದಳು."

ಬೀಡಿಗೆ ಕೂತದ್ದು ಇಪ್ಪತ್ತೇ ನಿಮಿಷ. ಈ ಪುಟ ಓದಿದ ಮೇಲೆ ಯಾರೂ ನಮಗೆ "ಮನೆಯಲ್ಲೇ ಇರ್ತೀರಲ್ಲ, ಏನಾದರೂ ಕೆಲಸ ಮಾಡಬಹುದಲ್ವಾ" ಅಂತ ಕೇಳಲಿಲ್ಲ.

ಇನ್ನೊಂದು ಲೆಕ್ಕವನ್ನೂ ಮನವಿಯಲ್ಲಿ ಹಾಕಿದೆವು. ಪಂಚಾಯತು ಪ್ರದೇಶದಲ್ಲಿ ಈ ಯೋಜನೆಗೆ ಕುಟುಂಬದ ವರ್ಷದ ವರಮಾನ 20,000 ದಾಟಬಾರದು ಅಂತ ಆಗ ಇತ್ತು. ದಿನಕ್ಕೆ 55 ರೂಪಾಯಿಯೂ ಆಗಲಿಲ್ಲ. ಮನೆಯಲ್ಲಿ ಒಬ್ಬರು ಕೂಲಿಗೆ ಹೋದರೆ ಮುಗಿಯಿತು, ಉಳಿದವಳ ರಾತ್ರಿ ನಿದ್ದೆಗೆ ಬೆಲೆ ಇಲ್ಲ. ನಾವು ಕೇಳಿದ್ದು ಮೂರೇ: ಈ ಮಿತಿ ಏರಿಸಿ, ರೋಗ ಯಾವುದೇ ಇರಲಿ ಹಣ ಒಂದೇ ಇರಲಿ, ನೋಡಿಕೊಳ್ಳುವವರಿಗೆ ವಾರದಲ್ಲಿ ಒಂದಿಷ್ಟು ಹೊತ್ತು ಬಿಡುವು ಸಿಗಲಿ.

ಎರಡನೆಯದಕ್ಕೆ ನಮ್ಮೊಳಗೇ ಮನಸ್ತಾಪ ಬಂತು. ಪಟ್ಟಿಯಲ್ಲಿರುವವರು, "ನಮ್ಮ ಹೋರಾಟದ ಬಲ ಕಡಿಮೆಯಾಗುತ್ತದೆ" ಅಂದರು. ಅವರ ಹೆದರಿಕೆ ಸುಳ್ಳಲ್ಲ. ಅವರು ಎಷ್ಟೋ ವರ್ಷ ಬೀದಿಗೆ ಇಳಿದು ಪಡೆದದ್ದು ಅದು. ಎರಡು ಸಂಜೆ ಅಂಗನವಾಡಿಯ ಜಗಲಿಯಲ್ಲಿ ಕೂತು ಮಾತಾಡಿದೆವು. ಕೊನೆಗೆ ಪರಿಹಾರದ ಮಾತು ಬೇರೆ, ಆರೈಕೆಯ ಮಾತು ಬೇರೆ ಅಂತ ಎರಡು ಕಾಗದ ಮಾಡಿದೆವು. ಎರಡಕ್ಕೂ ಎಲ್ಲರೂ ಸಹಿ ಹಾಕಿದೆವು. ಇದನ್ನು ಮೊದಲೇ ಮಾಡಬೇಕಿತ್ತು.

ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕೇರಳದ ಪಂಚಾಯತು ಕಾಯ್ದೆಯಲ್ಲಿದೆ. ಆದರೆ ನಮ್ಮಂಥವರು ಬರುವುದು ಹೇಗೆ? ಮನೆ ಬಿಟ್ಟು ಬರಲು ಆಗದವರ ಮಾತನ್ನು ಮನೆ ಬಿಟ್ಟು ಬಂದೇ ಹೇಳಬೇಕು. ಅದಕ್ಕೆ ಸರದಿ ಮಾಡಿಕೊಂಡೆವು. ಒಬ್ಬಳು ಸಭೆಗೆ, ಇನ್ನೊಬ್ಬಳು ಎರಡು ಮನೆಗೆ. ಹಾಸಿಗೆ ಹಿಡಿದವರನ್ನು ನೋಡಲು ಬರುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಭೇಟಿಗೆ ಬಂದಾಗ ಯಾರಿಗೆ ಯಾವ ದಿನ ಆಗುತ್ತದೆ ಅಂತ ಸುದ್ದಿ ದಾಟಿಸುತ್ತಿದ್ದರು. ನಾಲ್ಕು ಜನ ಹೋಗಲು ಆಯಿತು. ಅಕ್ಕ ತನ್ನ ಪುಸ್ತಕದ ಆ ಪುಟವನ್ನೇ ಓದಿದಳು. ದನಿ ನಡುಗುತ್ತಿತ್ತು, ನಡುವೆ ನಿಲ್ಲಿಸಲಿಲ್ಲ. ವಾರ್ಡಿನ ಪಂಚಾಯತು ಮೆಂಬರ್ ತಲೆ ಎತ್ತಿ, "ಅಕ್ಕಾ, ಇದರ ಪ್ರತಿ ನನಗೆ ಕೊಡಿ" ಅಂದರು. ಆ ಪುಟ ನಿರ್ಣಯದ ಜೊತೆ ಸೇರಿತು.

ಆಮೇಲೆ ಆದದ್ದು ಸ್ವಲ್ಪ. ಪಂಚಾಯತಿನ ಮುಂದಿನ ಯೋಜನೆಯಲ್ಲಿ ಡಯಾಪರ್, ನೀರಿನ ಹಾಸಿಗೆಗೆ ಹಣ ಇಟ್ಟರು. ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಇಬ್ಬರು ವಾರಕ್ಕೆ ಎರಡು ಗಂಟೆ ನಮ್ಮ ಮನೆಗಳಲ್ಲಿ ಕೂರಲು ಒಪ್ಪಿದರು. ಅರ್ಜಿ ಹಾಕದ ಮನೆಯವರೆಲ್ಲ ಅರ್ಜಿ ಹಾಕಿದರು. ಆ ದೊಡ್ಡಮ್ಮನೂ ಹಾಕಿದರು. ವರಮಾನ ಮಿತಿಯ ಮನವಿಗೆ ತಿರುವನಂತಪುರದಿಂದ ಫೈಲು ನಂಬರು ಮಾತ್ರ ಬಂದಿದೆ. ಆ ನಂಬರು ಹಿಡಿದು ತಿಂಗಳ ಮೊದಲ ಸೋಮವಾರ ಫೋನು ಮಾಡುತ್ತೇನೆ. ಫೋನು ತೆಗೆಯುವವರಿಗೆ ಈಗ ನನ್ನ ದನಿ ಪರಿಚಯ.

ಮುಂದಿನ ಗ್ರಾಮಸಭೆಗೆ ಮಾತಾಡುವ ಸರದಿ ನನ್ನದು. ತಮ್ಮನ ಹತ್ತಿರ ಅಕ್ಕ ಕೂರುತ್ತಾಳೆ. ಗಂಜಿ ಆರಿಸಿ ಕೊಡಬೇಕು, ಎಡಬದಿಯಿಂದ ಕೊಡಬೇಕು, ನುಂಗಿದ ಮೇಲೆಯೇ ಇನ್ನೊಂದು ಚಮಚ ಅಂತ ಗೋಡೆಗೆ ಬರೆದು ಅಂಟಿಸಿದ್ದೇನೆ.