ತೂತು ಬಿದ್ದ ಟೋಪಿ: ಜರ್ಮನಿಯಲ್ಲಿ ಅಗ್ಗದ ರೂಮು ಸಿಕ್ಕಿದಾಗ

ಜರ್ಮನಿಗೆ ಓದಲು ಬಂದವರಿಗೆ ಮೊದಲ ತಲೆನೋವು ರೂಮು. ಹೈಡಲ್‌ಬರ್ಗ್, ಮಾರ್ಬುರ್ಗ್, ಟ್ಯೂಬಿಂಗನ್ ಥರದ ಹಳೇ ಯೂನಿವರ್ಸಿಟಿ ಊರುಗಳಲ್ಲಿ ಹುಡುಕುವಾಗ ಕೆಲವು ಜಾಹೀರಾತು ವಿಚಿತ್ರ ಅನ್ನಿಸುತ್ತವೆ. ದೊಡ್ಡ ಹಳೇ ಬಂಗಲೆ, ಸುತ್ತ ತೋಟ, ಬಾಡಿಗೆ ಮಾತ್ರ ನಂಬಲಾಗದಷ್ಟು ಕಡಿಮೆ. ಎಲ್ಲೋ ಒಂದು ಮೂಲೆಯಲ್ಲಿ ‘ಫೆರ್ಬಿಂಡುಂಗ್’ ಎಂಬ ಪದ. ಬಹಳ ಸಲ ‘ಗಂಡಸರಿಗೆ ಮಾತ್ರ’ ಎಂಬ ಮಾತೂ ಇರುತ್ತದೆ.

ಇದು ಮೋಸ ಅಲ್ಲ. ಫೆರ್ಬಿಂಡುಂಗ್ ಅಂದರೆ ಹಳೇ ಕಾಲದ ವಿದ್ಯಾರ್ಥಿ ಸಂಘ. ಓದು ಮುಗಿಸಿ ಕೆಲಸಕ್ಕೆ ಸೇರಿದ ಹಿರಿಯ ಸದಸ್ಯರನ್ನು ‘ಆಲ್ಟೆ ಹೆರೆನ್’ ಅನ್ನುತ್ತಾರೆ. ಮನೆಯ ಖರ್ಚಿಗೆ ದುಡ್ಡು ಬರುವುದು ಅವರಿಂದ. ಹೊಸಬ ‘ಫುಕ್ಸ್’, ಅಂದರೆ ನರಿ. ಪೂರ್ತಿ ಸದಸ್ಯನಾದ ಮೇಲೆ ‘ಬುರ್ಶೆ’. ಒಮ್ಮೆ ಸೇರಿದರೆ ಜೀವನಪೂರ್ತಿ ನಂಟು ಎಂಬ ಲೆಕ್ಕ. ಅಗ್ಗದ ಬಾಡಿಗೆಯ ಹಿಂದೆ ‘ಹುಡುಗ ಸೇರಬಹುದು’ ಎಂಬ ಆಸೆ ಇದ್ದೇ ಇರುತ್ತದೆ.

ಅಂಥ ಮನೆಗಳಲ್ಲಿ ಬಣ್ಣದ ಪಟ್ಟಿಯ ಟೋಪಿ ನೋಡಿದರೆ ಕೆಲವಕ್ಕೆ ಮೇಲೆ ತೂತು, ಆ ತೂತಿನ ಮೇಲೆ ಓಕ್ ಎಲೆಯ ಕಸೂತಿ. ಹುಳ ತಿಂದದ್ದಲ್ಲ. ಕತ್ತಿ ತೂರಿಸಿದ್ದು. ಆ ಆಚರಣೆಯ ಹೆಸರು ‘ಲಾಂಡೆಸ್‌ಫಾಟರ್’, ಅಂದರೆ ನಾಡಿನ ತಂದೆ.

ಹೆಸರಿಗೆ ಕಾರಣ ಇದೆ. 18ನೇ ಶತಮಾನದಲ್ಲಿ ಜರ್ಮನಿ ಒಂದು ದೇಶವಾಗಿರಲಿಲ್ಲ, ನೂರಾರು ಸಣ್ಣ ಸಂಸ್ಥಾನಗಳ ಗುಂಪು. ಒಂದೇ ಯೂನಿವರ್ಸಿಟಿಯಲ್ಲಿ ಬೇರೆ ಬೇರೆ ದೊರೆಗಳ ಪ್ರಜೆಗಳು ಓದುತ್ತಿದ್ದರು. ಕುಡಿಯಲು ಕೂತಾಗ ತಮ್ಮ ತಮ್ಮ ದೊರೆಯ ಹೆಸರಲ್ಲಿ ಬಟ್ಟಲು ಎತ್ತಿ, ಟೋಪಿಗೆ ಕತ್ತಿ ಚುಚ್ಚಿ ನಿಷ್ಠೆ ತೋರಿಸುತ್ತಿದ್ದರು. ಒಳ್ಳೇ ಟೋಪಿ ಹಾಳು ಮಾಡಿಕೊಳ್ಳುವುದೇ ನಿಷ್ಠೆಯ ಗುರುತು!

ಈಗ ಹಾಡುವ ಹಾಡು 1781ರದ್ದು, ಕೀಲ್ ಊರಿನ ಆಗಸ್ಟ್ ನೀಮನ್ ಬರೆದದ್ದು. ‘ಎಲ್ಲರೂ ಸುಮ್ಮನಿರಿ’ ಎಂದೇ ಶುರುವಾಗುತ್ತದೆ. ನನಗೆ ಇದರಲ್ಲಿ ಇಷ್ಟವಾಗುವುದು ಒಂದೇ: ಹಾಡೇ ಇಲ್ಲಿ ಪುರೋಹಿತ. ಬಟ್ಟಲು ತೆಗೆದುಕೋ, ಕತ್ತಿಯನ್ನು ಎಡಗೈಲಿ ಹಿಡಿ, ಟೋಪಿಗೆ ತೂರಿಸು, ನಾಡಿನ ಹೆಸರಲ್ಲಿ ಕುಡಿ ಎಂದು ಹಾಡು ಹೇಳುತ್ತಾ ಹೋಗುತ್ತದೆ, ಮೇಜಿನ ಎರಡೂ ಬದಿಯಲ್ಲಿರುವವರು ಹಾಗೆಯೇ ಮಾಡುತ್ತಾ ಹೋಗುತ್ತಾರೆ. ಮರ್ಯಾದೆ ಬಿಡುವುದಿಲ್ಲ ಎಂಬ ಆಣೆಯೂ ಎಡಗೈಲಿ ಕತ್ತಿ ಹಿಡಿದೇ. ನಮ್ಮಜ್ಜಿ ಕೇಳಿದ್ದರೆ ಒಪ್ಪುತ್ತಿರಲಿಲ್ಲ ಬಿಡಿ. ಟೋಪಿಗಳು ಒಂದರ ಮೇಲೊಂದು ಕತ್ತಿಯಲ್ಲಿ ಪೋಣಿಸಿಕೊಳ್ಳುತ್ತವೆ, ಮಲ್ಲಿಗೆ ಮೊಗ್ಗಿನ ಹಾಗೆ. ಕೊನೆಗೆ ಒಂದೊಂದಾಗಿ ತೆಗೆದು ಅವರವರ ತಲೆಗಿಟ್ಟು, ಮೇಲೆ ಕತ್ತಿ ಚಾಚಿ, ‘ಪರಿಚಯ ಇರುವಷ್ಟು ಕಾಲ ಇವನನ್ನು ಸಹೋದರ ಅನ್ನುತ್ತೇವೆ’ ಎಂದು ಹಾಡುತ್ತಾರೆ. ಅವನನ್ನು ಬೈದವನಿಗೆ ಒಂದು ಹೊಲಸು ಬೈಗುಳವೂ ಅದೇ ಸಾಲಿನಲ್ಲಿದೆ.

ಅಂದರೆ ದೊರೆಯ ಜಾಗಕ್ಕೆ ನಾಡು ಬಂತು, ಪಕ್ಕದಲ್ಲೇ ಗೆಳೆಯನೂ ಕೂತ. 1918ರಲ್ಲಿ ದೊರೆಗಳೇ ಹೋದರು. ಹೆಸರು ಮಾತ್ರ ಇನ್ನೂ ‘ನಾಡಿನ ತಂದೆ’.

ಈ ಲಾಂಡೆಸ್‌ಫಾಟರ್ ಆಚರಣೆಗೆ ಸೇರಿದ ಇನ್ನೊಂದು ರಾಗವನ್ನು ನೀವು ಗೊತ್ತಿಲ್ಲದೇ ಕೇಳಿರಬಹುದು. ಬ್ರೆಸ್ಲಾವ್ ಯೂನಿವರ್ಸಿಟಿ 1879ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದಕ್ಕೆ ಸಂಗೀತ ರಚನೆಕಾರ ಬ್ರಾಮ್ಸ್ ವಿದ್ಯಾರ್ಥಿಗಳ ನಾಲ್ಕು ಹಾಡು ಸೇರಿಸಿ ‘ಅಕಾಡೆಮಿಕ್ ಫೆಸ್ಟಿವಲ್ ಓವರ್ಚರ್’ ಮಾಡಿದ. ಅದರಲ್ಲಿ ಇದೂ ಒಂದು. ಕೊನೆಯದು ‘ಗೌಡೆಯಾಮುಸ್’.

ಇನ್ನು ರೂಮಿನ ವಿಷಯ. ಎಲ್ಲ ಸಂಘಗಳೂ ಒಂದೇ ಥರ ಅಲ್ಲ. ‘ಕೋರ್’ ಎಂಬ ಬಗೆಯ ಸಂಘಗಳಲ್ಲಿ ‘ಮೆನ್ಸೂರ್’ ಎಂಬ ನಿಜವಾದ ಕತ್ತಿವರಸೆ ಕಡ್ಡಾಯ. ಕಣ್ಣು, ಕುತ್ತಿಗೆಗೆ ರಕ್ಷಣೆ ಇದೆ, ಕೆನ್ನೆಗೆ ಇಲ್ಲ. ಇದು ಶಿಕ್ಷೆ ಆಗುವ ಅಪರಾಧ ಅಲ್ಲ ಎಂದು ಕೋರ್ಟು 1953ರಲ್ಲೇ ಹೇಳಿದೆ. ಕ್ಯಾಥೊಲಿಕ್ ಸಂಘಗಳಲ್ಲಿ ಕತ್ತಿ ಕಾಳಗ ಇಲ್ಲ, ಆದರೆ ಅವುಗಳ ಒಕ್ಕೂಟ ‘ಸಿವಿ’ಗೆ (ಕಾರ್ಟೆಲ್‌ಫೆರ್ಬಾಂಡ್) ಸೇರಲು ಕ್ಯಾಥೊಲಿಕ್ ಆಗಿರಬೇಕು. ‘ಬುರ್ಶೆನ್‌ಶಾಫ್ಟ್’ ಎಂಬ ಇನ್ನೊಂದು ಬಗೆಯ ಸಂಘಗಳದ್ದು ರಾಜಕೀಯ ಪರಂಪರೆ. ಅವು ಹುಟ್ಟಿದ್ದು 1815ರಲ್ಲಿ ಯೇನಾದಲ್ಲಿ. ಇವತ್ತಿನ ಜರ್ಮನ್ ಬಾವುಟದ ಕಪ್ಪು, ಕೆಂಪು, ಬಂಗಾರ ಬಣ್ಣ ಅವರು ಮೆರೆಸಿದ್ದೇ. ಅಷ್ಟಕ್ಕೇ ಮರುಳಾಗಬೇಡಿ. 2011ರಲ್ಲಿ ಅವರ ದೊಡ್ಡ ಒಕ್ಕೂಟ ಡಾಯ್ಚೆ ಬುರ್ಶೆನ್‌ಶಾಫ್ಟ್‌ನಲ್ಲಿ, ಚೀನೀ ಮೂಲದ ಒಬ್ಬ ಜರ್ಮನ್ ಹುಡುಗ ಸದಸ್ಯನಾಗಿರಬಹುದೇ ಎಂದು ದೊಡ್ಡ ಜಗಳವೇ ಆಯಿತು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಂಘಗಳು ಒಕ್ಕೂಟ ಬಿಟ್ಟವು. ನಮ್ಮ ಬಣ್ಣದವರು ಇದನ್ನು ತಿಳಿದುಕೊಂಡೇ ಬಾಗಿಲು ತಟ್ಟಬೇಕು, ಅಲ್ವಾ?

ಹಾಗಾಗಿ ರೂಮು ನೋಡಲು ಹೋದಾಗ ಮುಚ್ಚುಮರೆ ಇಲ್ಲದೆ ಕೇಳಿ. ಯಾವ ಒಕ್ಕೂಟ? ಮೆನ್ಸೂರ್ ಇದೆಯಾ? ಸೇರದಿದ್ದರೆ ಎಷ್ಟು ತಿಂಗಳು ಇರಬಹುದು? ಬಾಡಿಗೆ ಕರಾರು ಲಿಖಿತದಲ್ಲಿ ಸಿಗುತ್ತದಾ? ಉತ್ತರ ತೊದಲಿದರೆ ಬೇರೆ ರೂಮು ನೋಡಿ, ಅದು ಜಾಸ್ತಿ ದುಬಾರಿಯಾದರೂ ಪರವಾಗಿಲ್ಲ.

ಸಂಜೆಯ ಹಾಡಿನ ಕೂಟಕ್ಕೆ, ಅಂದರೆ ‘ಕ್ನೈಪೆ’ಗೆ, ಕರೆದರೆ ಹೋಗಿ ಬನ್ನಿ, ಸೇರಲೇಬೇಕೆಂದಿಲ್ಲ. ಕುಡಿಯದವರು ಬಂದ ಕೂಡಲೇ ಹೇಳಿಬಿಡಿ. ‘ಸಿಲೆಂಟಿಯುಂ’ ಎಂದು ಕೂಗಿದರೆ ಬಾಯಿ ಮುಚ್ಚಿ ಕೂರಬೇಕು, ‘ಕೊಲೋಕ್ವಿಯುಂ’ ಅಂದಮೇಲೆ ಮಾತಾಡಬಹುದು. ಮತ್ತೆ, ಆ ತೂತಿನ ಟೋಪಿ ಎಷ್ಟು ಚೆನ್ನಾಗಿ ಕಂಡರೂ ಸೆಲ್ಫಿಗೆ ಅಂತ ಸುಮ್ನೆ ತಲೆಗೆ ಇಟ್ಟುಕೊಳ್ಳಬೇಡಿ.