‘ಸ್ಟೋರೇಜ್ ತುಂಬಿದೆ’ ಎಂಬ ಮೇಲ್ ಬಂದರೆ ಮೇಲ್ ಬಿಡಿ, ಮೀಟರ್ ನೋಡಿ

‘ನಿಮ್ಮ ಕ್ಲೌಡ್ ಸ್ಟೋರೇಜ್ ತುಂಬಿದೆ. ಇವತ್ತೇ ನವೀಕರಿಸದಿದ್ದರೆ ಫೋಟೋಗಳೆಲ್ಲ ಅಳಿಸಿಹೋಗುತ್ತವೆ.’ ಕೆಳಗೊಂದು ದೊಡ್ಡ ಬಟನ್. ಇಂಥದ್ದು ಬಂದಾಗ ಹೆಚ್ಚಿನವರು ಅದು ಅಸಲಿಯೋ ನಕಲಿಯೋ ಎಂದು ಮೇಲನ್ನೇ ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಆ ಪರೀಕ್ಷೆಯ ಅಗತ್ಯವೇ ಇಲ್ಲ. ಜಾಗ ತುಂಬಿದೆಯೋ ಇಲ್ಲವೋ ಎಂದು ಹೇಳಬೇಕಾದ್ದು ನಿಮ್ಮ ಖಾತೆಯ ಮೀಟರ್, ಯಾರೋ ಕಳಿಸಿದ ಮೇಲ್ ಅಲ್ಲ.

ಮೀಟರ್ ನೋಡುವುದು ಅರ್ಧ ನಿಮಿಷದ ಕೆಲಸ. ಮೇಲ್‌ನಲ್ಲಿರುವ ಯಾವುದನ್ನೂ ಒತ್ತದೆ ಹೊರಗೆ ಬನ್ನಿ. ಗೂಗಲ್ ಖಾತೆಯಾದರೆ ಜಿಮೇಲ್ ಆ್ಯಪ್‌ನಲ್ಲಿ ಬಲ ಮೇಲ್ತುದಿಯ ನಿಮ್ಮ ಚಿತ್ರವನ್ನು ಒತ್ತಿ. 15 ಜಿಬಿಯಲ್ಲಿ ಶೇಕಡಾ ಎಷ್ಟು ಬಳಕೆಯಾಗಿದೆ ಎಂದು ಅಲ್ಲೇ ಇರುತ್ತದೆ. ಐಫೋನ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಮೇಲಿರುವ ನಿಮ್ಮ ಹೆಸರು, ಆಮೇಲೆ ಐಕ್ಲೌಡ್ ಒತ್ತಿದರೆ ಬಣ್ಣದ ಪಟ್ಟಿ ಕಾಣುತ್ತದೆ; ಉಚಿತ ಮಿತಿ 5 ಜಿಬಿ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ಗೂ ಉಚಿತ ಮಿತಿ 5 ಜಿಬಿಯೇ, ಅದರ ಆ್ಯಪ್‌ನೊಳಗೆ ನಿಮ್ಮ ಖಾತೆಯ ಚಿತ್ರ ಒತ್ತಿ ನೋಡಬಹುದು. ಪಟ್ಟಿಯಲ್ಲಿ ಜಾಗ ಇದೆಯೇ? ಹಾಗಾದರೆ ಮೇಲ್ ಸುಳ್ಳು, ಅಳಿಸಿ. ನಿಮ್ಮ ಬಳಿ ಮೇಲ್ ಹೆಸರಿಸುವ ಕಂಪನಿಯ ಖಾತೆಯೇ ಇಲ್ಲವೆಂದಾದರೆ ಇಷ್ಟು ನೋಡುವ ಶ್ರಮವೂ ಬೇಡ.

ಈ ಬಲೆಗೆ ಬುದ್ಧಿವಂತರೂ ಬೀಳುವುದಕ್ಕೆ ಕಾರಣವಿದೆ: ಎಷ್ಟೋ ಜನರ ಜಾಗ ನಿಜಕ್ಕೂ ತುಂಬುತ್ತಾ ಬಂದಿರುತ್ತದೆ. ಗೂಗಲ್‌ನ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ ಈ ಲೆಕ್ಕಕ್ಕೆ ಸೇರಿದವು. ಆಮೇಲೆ ಆಂಡ್ರಾಯ್ಡ್ ಫೋನ್‌ಗಳ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಸೇರಿತು. ಫೋನಿನೊಳಗಿನ 128 ಜಿಬಿಗೂ ಈ 15 ಜಿಬಿಗೂ ಸಂಬಂಧವಿಲ್ಲ. ಫೋನ್ ಅರ್ಧ ಖಾಲಿ ಇದ್ದರೂ ಕ್ಲೌಡ್ ತುಂಬಿರಬಹುದು. ಈ ಗೊಂದಲವೇ ಮೋಸಗಾರರಿಗೆ ಬಂಡವಾಳ.

ಇನ್ನು ‘ಇಂದು ರಾತ್ರಿ ಅಳಿಸುತ್ತೇವೆ’ ಎಂಬ ಗಡುವು. ಗೂಗಲ್‌ನಲ್ಲಿ ಮಿತಿ ಮೀರಿದರೆ ಮೊದಲು ಆಗುವುದು ಹೊಸ ಫೋಟೋ ಬ್ಯಾಕಪ್ ನಿಲ್ಲುವುದು ಮತ್ತು ಮೇಲ್ ಕಳಿಸುವುದು, ಪಡೆಯುವುದು ಕಟ್ಟಾಗುವುದು. ಹಳೆಯ ಫೈಲ್‌ಗಳನ್ನು ಅಳಿಸುವ ಮಾತು ಬರುವುದು ಎರಡು ವರ್ಷ ಸತತವಾಗಿ ಮಿತಿ ಮೀರಿ ಕೂತಿದ್ದರೆ. ಗಂಟೆಗಳ ಲೆಕ್ಕದಲ್ಲಿ ಹೆದರಿಸುವ ಮೇಲನ್ನು ಆ ಒಂದು ಕಾರಣಕ್ಕೇ ತಳ್ಳಿಹಾಕಬಹುದು.

ಆದರೂ ಮೇಲನ್ನು ಪರೀಕ್ಷಿಸಲೇಬೇಕು ಎನ್ನುವವರು ಇಷ್ಟು ತಿಳಿದಿರಲಿ. ಕಳಿಸಿದವರ ಹೆಸರು ಏನೂ ಹೇಳುವುದಿಲ್ಲ, ಅಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಹೆಸರಿನ ಕೆಳಗಿನ ಬಾಣದ ಗುರುತು ಒತ್ತಿ ಪೂರ್ತಿ ವಿಳಾಸ ತೆರೆಯಿರಿ. ‘ಅಟ್’ ಚಿಹ್ನೆಯ ನಂತರದ ಭಾಗ ಮುಖ್ಯ. ಅದನ್ನು ಬಲದಿಂದ ಎಡಕ್ಕೆ ಓದಬೇಕು. ಕೊನೆಯ ಡಾಟ್‌ನ ಆಚೀಚೆ ಇರುವ ಎರಡು ತುಂಡುಗಳೇ ಸಾಮಾನ್ಯವಾಗಿ ಮಾಲೀಕನ ಗುರುತು. ವಿಳಾಸದ ಮೊದಲಿಗೆ ಗೂಗಲ್ ಅಂತಲೋ ಐಕ್ಲೌಡ್ ಅಂತಲೋ ಇದ್ದು ಕೊನೆಗೆ ಬೇರೇನೋ ಇದ್ದರೆ ಆ ಮನೆ ಅವರದಲ್ಲ. ಇಂಗ್ಲಿಷ್‌ನ ಆರ್ ಮತ್ತು ಎನ್ ಒತ್ತೊತ್ತಾಗಿ ಬಂದರೆ ಚಿಕ್ಕ ಪರದೆಯಲ್ಲಿ ಎಂ ಹಾಗೆ ಕಾಣುತ್ತದೆ, ಅದನ್ನೂ ಗಮನಿಸಿ.

ಲಿಂಕ್ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಮೋಸ ನಡೆಯುತ್ತದೆ. ಕಂಪ್ಯೂಟರ್‌ನಲ್ಲಿ ಬಟನ್ ಮೇಲೆ ಮೌಸ್ ಇಟ್ಟರೆ ಗೂಗಲ್‌ನದೇ ವಿಳಾಸ ಕಾಣಬಹುದು, ಏಕೆಂದರೆ ಗೂಗಲ್ ಬಾಡಿಗೆಗೆ ಕೊಡುವ ಕ್ಲೌಡ್ ಜಾಗದಲ್ಲೇ ಮೋಸಗಾರರು ಒಂದು ಚಿಕ್ಕ ಪುಟ ಇಟ್ಟು, ಅಲ್ಲಿಂದ ತಮ್ಮ ಸೈಟಿಗೆ ದಾಟಿಸುತ್ತಾರೆ. ಸ್ಪ್ಯಾಮ್ ಸೋಸುವ ಯಂತ್ರವೂ ಇದಕ್ಕೆ ಮೋಸ ಹೋಗುವುದುಂಟು. ಹಾಗಾಗಿ ‘ಲಿಂಕ್ ಸರಿಯಾಗಿಯೇ ಇತ್ತು’ ಎಂಬುದು ರುಜುವಾತಲ್ಲ. ಆಚೆ ಸಿಗುವ ಪುಟ ನಿಮ್ಮ ಖಾತೆಯನ್ನು ‘ಸ್ಕ್ಯಾನ್’ ಮಾಡಿದಂತೆ ನಟಿಸಿ, ಯಾರು ಹೋದರೂ ಜಾಗ ತುಂಬಿದೆ ಎಂದೇ ತೋರಿಸುತ್ತದೆ. ಮುಂದಿನದು ಪಾಸ್‌ವರ್ಡ್ ಕೇಳುವ ನಕಲಿ ಲಾಗಿನ್, ಇಲ್ಲವೇ ಚಿಲ್ಲರೆ ಮೊತ್ತಕ್ಕೆ 50 ಜಿಬಿ ಕೊಡುತ್ತೇವೆಂದು ಕಾರ್ಡ್ ವಿವರ ಕೇಳುವ ಫಾರ್ಮ್.

ಮೇಲ್‌ನ ಕೊನೆಯಲ್ಲಿರುವ ‘ಅನ್‌ಸಬ್‌ಸ್ಕ್ರೈಬ್’ ಕೂಡ ಒತ್ತಬೇಡಿ. ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ನೀವೇ ಕೂಗಿ ಹೇಳಿದಂತೆ. ಕಂಪ್ಯೂಟರ್‌ನ ಜಿಮೇಲ್‌ನಲ್ಲಿ ಮೇಲ್‌ನ ಬಲಗಡೆಯ ಮೂರು ಚುಕ್ಕಿ ಒತ್ತಿ ‘ರಿಪೋರ್ಟ್ ಫಿಶಿಂಗ್’ ಆರಿಸಿ. ಫೋನ್‌ನಲ್ಲಾದರೆ ‘ರಿಪೋರ್ಟ್ ಸ್ಪ್ಯಾಮ್’ ಸಾಕು.

ಈಗಾಗಲೇ ಒತ್ತಿಬಿಟ್ಟಿದ್ದರೆ

ಪುಟ ತೆರೆದದ್ದಷ್ಟೇ ಆಗಿದ್ದರೆ ಮುಚ್ಚಿ. ಏನಾದರೂ ಡೌನ್‌ಲೋಡ್ ಆಗಿದ್ದರೆ ತೆರೆಯದೆ ಅಳಿಸಿ. ಆಮೇಲೆ ‘ವೈರಸ್ ಇದೆ’ ಎಂಬ ನೋಟಿಫಿಕೇಶನ್ ಸುರಿಯತೊಡಗಿದರೆ, ಆ ಪುಟದಲ್ಲಿ ನೀವು ‘ಅಲೋ’ ಒತ್ತಿದ್ದೀರಿ ಎಂದರ್ಥ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್‌ಗೆ ಹೋಗಿ ಆ ಸೈಟ್ ತೆಗೆಯಿರಿ.

ಪಾಸ್‌ವರ್ಡ್ ಕೊಟ್ಟಿದ್ದರೆ ತಡಮಾಡದೆ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆಲ್ಲಿ ಬಳಸಿದ್ದೀರೋ ಅಲ್ಲೂ ಬದಲಿಸಿ. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ, ತಪ್ಪಾಗುವುದು ಅಲ್ಲೇ. ಒಳಹೊಕ್ಕವರು ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮೇಲ್‌ಗಳು ತಮಗೂ ಹೋಗುವಂತೆ ಫಾರ್ವರ್ಡಿಂಗ್ ಹಾಕಿರಬಹುದು, ಬ್ಯಾಂಕ್ ಮೇಲ್ ನಿಮ್ಮ ಕಣ್ಣಿಗೆ ಬೀಳದಂತೆ ಫಿಲ್ಟರ್ ಬರೆದಿರಬಹುದು. ಪಾಸ್‌ವರ್ಡ್ ಬದಲಾದರೂ ಇವು ಹಾಗೇ ಉಳಿಯುತ್ತವೆ. ಕಂಪ್ಯೂಟರ್‌ನಲ್ಲಿ ಈ ಎರಡನ್ನೂ ತೆರೆದು ನೋಡಿ. ಖಾತೆ ಕೈತಪ್ಪಿದರೆ ಮರಳಿ ಪಡೆಯಲು ಕೊಟ್ಟಿರುವ ರಿಕವರಿ ಫೋನ್ ನಂಬರ್, ರಿಕವರಿ ಇಮೇಲ್ ನಿಮ್ಮವೇ ಎಂದು ಖಚಿತಪಡಿಸಿ. ಸೆಕ್ಯುರಿಟಿ ವಿಭಾಗದಲ್ಲಿ ಪರಿಚಯವಿಲ್ಲದ ಸಾಧನಗಳನ್ನು ಸೈನ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ. ಹಿರಿಯರ ಫೋನ್‌ಗಳಲ್ಲಿ ಖಾತೆ ತೆರೆದುಕೊಟ್ಟದ್ದು ಮೊಬೈಲ್ ಅಂಗಡಿಯವರಾಗಿದ್ದರೆ ರಿಕವರಿ ನಂಬರ್ ಯಾರದೆಂದು ಇವತ್ತೇ ನೋಡಿಬಿಡಿ. ಮೋಸ ಆಗಿರಲಿ ಬಿಡಲಿ, ಅದು ಮಾಡಲೇಬೇಕಾದ ಕೆಲಸ.

ಕಾರ್ಡ್ ವಿವರ ಕೊಟ್ಟಿದ್ದರೆ ಓಟಿಪಿ ಕೇಳಲಿಲ್ಲವೆಂದು ನೆಮ್ಮದಿಯಾಗಿರಬೇಡಿ. ವಿದೇಶಿ ಸೈಟ್‌ಗಳು ನಂಬರ್, ಅವಧಿ, ಸಿವಿವಿ ಇಷ್ಟರಲ್ಲೇ ಹಣ ಎಳೆಯಬಲ್ಲವು. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗಡಿಬಿಡಿ ಏಕೆಂದರೆ, 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ನೀವೇ ವಿವರ ಕೊಟ್ಟು ಹೋದ ಹಣದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹೊರದೇಶದ ಖರೀದಿ ಮಾಡದವರು ಹೊಸ ಕಾರ್ಡ್‌ನಲ್ಲಿ ‘ಇಂಟರ್‌ನ್ಯಾಶನಲ್’ ಆಯ್ಕೆಯನ್ನು ಆಫ್ ಇಟ್ಟಿರುವುದು ಒಳ್ಳೆಯದು.

ಮೀಟರ್ ನಿಜವಾಗಿಯೂ ತುಂಬಿದ್ದರೆ

ಆಗಲೂ ಆ ಮೇಲ್‌ನ ಬಟನ್ ಬೇಡ. ಗೂಗಲ್ ಖಾತೆಯ ಸ್ಟೋರೇಜ್ ಪುಟದಲ್ಲಿ ದೊಡ್ಡ ಫೈಲ್‌ಗಳ ಪಟ್ಟಿ ಸಿಗುತ್ತದೆ, ಅಲ್ಲಿಂದ ಶುರು ಮಾಡಿ. ವಾಟ್ಸ್‌ಆ್ಯಪ್‌ನ ಚಾಟ್ ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆ ತೆಗೆದರೆ ಮುಂದಿನ ಬ್ಯಾಕಪ್ ಎಷ್ಟೋ ಹಗುರಾಗುತ್ತದೆ. ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. ಜಿಮೇಲ್, ಡ್ರೈವ್‌ಗಳಲ್ಲಿ 30 ದಿನ ಅಲ್ಲೇ ಕೂತು ಜಾಗ ತಿನ್ನುತ್ತದೆ. ಆದ್ದರಿಂದ ಟ್ರ್ಯಾಶ್ ಖಾಲಿ ಮಾಡಿದ ಮೇಲೇ ಮೀಟರ್ ಇಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಮಾತ್ರ ಕೈ ನಿಧಾನ ಇರಲಿ: ಅಲ್ಲಿ ಅಳಿಸಿದ ಚಿತ್ರ ಫೋನಿನಿಂದಲೂ ಹೋಗುತ್ತದೆ. ಮದುವೆ, ನಾಮಕರಣದ ಚಿತ್ರಗಳನ್ನು ಮೊದಲು ಒಂದು ಹಾರ್ಡ್ ಡಿಸ್ಕ್‌ಗೆ ಇಳಿಸಿ, ಒಂದೆರಡನ್ನು ತೆರೆದು ನೋಡಿ, ಆಮೇಲೆ ಅಳಿಸಿ. ದುಡ್ಡು ಕೊಟ್ಟು ಜಾಗ ಕೊಳ್ಳುವುದಾದರೆ ಫೋನಿನ ಸೆಟ್ಟಿಂಗ್ಸ್ ಅಥವಾ ಆಯಾ ಆ್ಯಪ್‌ನ ಒಳಗಿನಿಂದಲೇ ಕೊಳ್ಳಿ.