ಟೊಮೆಟೊ ದರ ಕುಸಿದಾಗ ಸೌರ ಡ್ರೈಯರ್ ಬಳಸುವ ಬಗೆ

ಮೈಸೂರಿನ ಬಂಡೀಪಾಳ್ಯದ ಮಾರುಕಟ್ಟೆಯಲ್ಲಿ ಟೊಮೆಟೊ ದರ ಕೊಯ್ಲಿನ ಕೂಲಿಗೂ ಸಾಲದಷ್ಟು ಕುಸಿದಾಗ, ಹಣ್ಣನ್ನು ಹೊಲದಲ್ಲೇ ಕೊಳೆಯಲು ಬಿಡುವ ಬದಲು ಒಂದು ಪಾಲನ್ನಾದರೂ ಸೌರ ಡ್ರೈಯರ್‌ನಲ್ಲಿ, ಅಂದರೆ ಬಿಸಿಲಿನ ಶಾಖದಿಂದ ಒಣಗಿಸುವ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ, ಒಣಗಿಸಿಟ್ಟುಕೊಳ್ಳಬಹುದು. ಆದರೆ ಟೊಮೆಟೊದಲ್ಲಿ ಶೇ 94ರಷ್ಟು ನೀರೇ ಇರುವುದರಿಂದ 100 ಕಿಲೊ ಹಣ್ಣಿಗೆ ದಕ್ಕುವುದು ಹೆಚ್ಚೆಂದರೆ ಆರೇಳು ಕಿಲೊ ಒಣ ಹೋಳು. ಕೊಳ್ಳುವವರು ಯಾರೆಂದು ವಿಚಾರಿಸಿಕೊಳ್ಳದೆ ದೊಡ್ಡ ಡ್ರೈಯರ್‌ಗಾಗಿ ಸಾಲ ಮಾಡುವುದು ತರವಲ್ಲ.

ಪೆಟ್ಟಿಗೆಯನ್ನು ಮರದ ನೆರಳು ಬೀಳದ ಕಡೆ, ಗಾಜಿನ ಇಳಿಜಾರು ದಕ್ಷಿಣಕ್ಕಿರುವಂತೆ ಇರಿಸಬೇಕು. ಮೈಸೂರು, ಮಂಡ್ಯಗಳ ಅಕ್ಷಾಂಶ 12 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ 12ರಿಂದ 15 ಡಿಗ್ರಿಯಷ್ಟು ಓರೆ ಸಾಕು. ಗಟ್ಟಿಯಾದ ಕೆಂಪು ಹಣ್ಣುಗಳನ್ನೇ ಆರಿಸಿ ತೊಳೆದು, ಐದಾರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಸ್ಟೀಲ್ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಒಂದೇ ಪದರವಾಗಿ ಹರಡಬೇಕು. ಕೊಳೆತ ಹಣ್ಣನ್ನು ಒಣಗಿಸಿದರೆ ಒಳ್ಳೆಯದಾಗುತ್ತದೆಂಬ ಆಸೆ ಬೇಡ.

ಡ್ರೈಯರ್ ಎಂದರೆ ಬಿಸಿ ಎಂದಷ್ಟೇ ತಿಳಿದವರು ಗಾಳಿಕಿಂಡಿಗಳನ್ನು ಮುಚ್ಚಿ ಉಷ್ಣಾಂಶ ಏರಿಸಲು ಹೋಗುತ್ತಾರೆ; ಕೆಲಸ ಕೆಡುವುದು ಅಲ್ಲಿಯೇ. ಹೋಳಿನಿಂದ ಹೊರಟ ಆವಿ ಮೇಲಿನ ಕಿಂಡಿಯಿಂದ ಹೊರಹೋಗಿ, ಕೆಳಗಿನಿಂದ ಒಣಗಾಳಿ ಒಳಬರುತ್ತಿರಬೇಕು. ಗಾಜಿನ ಒಳಮೈಯಲ್ಲಿ ನೀರಹನಿ ಕಟ್ಟಿತೆಂದರೆ ಕಿಂಡಿಯನ್ನು ಇನ್ನಷ್ಟು ತೆರೆಯಬೇಕೆಂದೇ ಅರ್ಥ. ಒಳಗಿನ ಉಷ್ಣಾಂಶ 50ರಿಂದ 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಮೊದಲ ಗಂಟೆಗಳಲ್ಲೇ ಅದನ್ನು ಮೀರಿದರೆ ಹೋಳಿನ ಮೇಲ್ಮೈ ಗಟ್ಟಿಯಾಗಿ ಒಳಗಿನ ತೇವ ಅಲ್ಲೇ ಉಳಿದು, ಮುಂದೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಸಂಜೆ ಕಿಂಡಿ ಮುಚ್ಚದಿದ್ದರೆ ಒಣಗಿದ ಹೋಳು ರಾತ್ರಿಯ ತಂಪಿಗೆ ಮತ್ತೆ ತೇವ ಹೀರುತ್ತದೆ.

ಇದೇ ಡ್ರೈಯರ್‌ನಲ್ಲಿ ನುಗ್ಗೆಸೊಪ್ಪು ಒಣಗಿಸುವುದಾದರೆ, ಹಸಿರು ಬಣ್ಣ, ಪೋಷಕಾಂಶಗಳು ಉಳಿಯಲು ಅದಕ್ಕೆ ನೇರ ಬಿಸಿಲು ತಾಕಬಾರದು. ಗಾಜಿನ ಮೇಲೆ ಕಪ್ಪು ಬಟ್ಟೆ ಹೊದಿಸಿದರೆ ಸಾಕು.

ಚೆನ್ನಾಗಿ ಒಣಗಿದ ಟೊಮೆಟೊ ಹೋಳನ್ನು ಹಿಚುಕಿದರೆ ರಸ ಒಸರುವುದಿಲ್ಲ. ಪುಡಿ ಮಾಡುವುದಾದರೆ ಪಟ್ಟೆಂದು ಮುರಿಯುವಷ್ಟು ಒಣಗಿರಬೇಕು. ಬಿಸಿ ಪೂರ್ತಿ ಆರಿದ ಮೇಲೆ ಗಾಜಿನ ಜಾಡಿಗೆ ಮುಕ್ಕಾಲು ಭಾಗ ತುಂಬಿ, ಒಂದು ವಾರ ದಿನಕ್ಕೊಮ್ಮೆ ಅಲುಗಾಡಿಸುತ್ತಾ ನೋಡಬೇಕು. ಜಾಡಿ ಮಬ್ಬಾದರೆ ಹೋಳನ್ನು ಮತ್ತೆ ಡ್ರೈಯರ್‌ಗೆ ಹಾಕಬೇಕು. ಬೂಷ್ಟು ಕಂಡರೆ ಇಡೀ ಜಾಡಿಯನ್ನೇ ಚೆಲ್ಲಬೇಕು. ಮಾರಾಟಕ್ಕಾದರೆ ತೇವಾಂಶವನ್ನು ಪ್ರಯೋಗಾಲಯದಲ್ಲಿ ಅಳೆಸಿದ ನಂತರವೇ ಪ್ಯಾಕ್ ಮಾಡುವುದು ಲೇಸು. ಆಹಾರ ಪರೀಕ್ಷೆ ನಡೆಸುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಮೈಸೂರಿನಲ್ಲೇ ಇದೆ.